ಬರೆಯದೆ ಬಿಟ್ಟ ಹದಿನಾಲ್ಕು ತಿಂಗಳು

ಮೂವತ್ತೊಂದನೆಯ ಪುಟಕ್ಕೆ ಬಂದಾಗ ಶೆಟ್ಟೆವ್ವಳ ಬೆರಳು ನಿಂತಿತು.

ದೂರಿನ ಕಡತ ಆ ಮಂಗಳವಾರ ಮಧ್ಯಾಹ್ನವಷ್ಟೇ ಇಂಡಿ ಪಟ್ಟಣದ ಅವಳ ಮನೆಗೆ ಅಂಚೆಯಲ್ಲಿ ಬಂದಿತ್ತು. ಊಟ ಮುಗಿಸಿ, ಕನ್ನಡಕ ಹಾಕಿಕೊಂಡು, ಪಡಸಾಲೆಯಲ್ಲಿ ಕುಳಿತು ಮೊದಲ ಪುಟದಿಂದ ಓದುತ್ತ ಬಂದಿದ್ದಳು. ಸಿಂದಗಿಯ ಕಲ್ಮೇಶ ಡಾಕ್ಟರರ ಹನ್ನೆರಡು ಹಾಸಿಗೆಯ ಆಸ್ಪತ್ರೆಯಲ್ಲಿ, ಹೋದ ದೀಪಾವಳಿಗೆ ಸ್ವಲ್ಪ ಮುಂಚೆ, ಶಿವಾನಿ ಎಂಬ ಇಪ್ಪತ್ಮೂರು ವರ್ಷದ ಹುಡುಗಿ ಹೆಣ್ಣುಮಗುವನ್ನು ಹೆತ್ತಿದ್ದಳು. ಹೆರಿಗೆಯಾದದ್ದು ಮಧ್ಯಾಹ್ನ ಮೂರೂ ನಲವತ್ತಕ್ಕೆ. ಸಂಜೆ ಆರು ಗಂಟೆಗೆ ಇದ್ದಕ್ಕಿದ್ದಂತೆ ರಕ್ತಸ್ರಾವ ಶುರುವಾಯಿತೆಂದು ಆಸ್ಪತ್ರೆಯವರು ಬರೆದಿದ್ದರು. ವಿಜಯಪುರಕ್ಕೆ ಒಯ್ಯುವಾಗ ದಾರಿಯಲ್ಲೇ ಅವಳು ತೀರಿಕೊಂಡಳು. ಗಂಡ ಭೀಮು, ಇಂಡಿ ತಾಲೂಕಿನವನು, ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಅವನು ದೂರು ಕೊಟ್ಟಿದ್ದ. ನಾಲ್ಕೂವರೆಯಿಂದಲೇ ಕರೆಯುತ್ತಿದ್ದೆ, ಯಾರೂ ಬಂದು ಸರಿಯಾಗಿ ನೋಡಲಿಲ್ಲ ಎಂಬುದು ಅವನ ಮಾತು.

ಮೂವತ್ತೊಂದನೆಯ ಪುಟ ಬಾಣಂತಿಯ ನಿಗಾ ಪಟ್ಟಿ. ಹೆರಿಗೆಯಾದ ಮೇಲೆ ಎರಡು ತಾಸು, ಹದಿನೈದು ನಿಮಿಷಕ್ಕೊಮ್ಮೆ ನಾಡಿ, ರಕ್ತದೊತ್ತಡ ನೋಡಿ ನರ್ಸು ಬರೆಯಬೇಕಾದ ಹಾಳೆ. ನಾಲ್ಕು ಗಂಟೆಗೆ ನಾಡಿ ಎಂಬತ್ನಾಲ್ಕು. ನಾಲ್ಕೂಕಾಲಿಗೆ ಎಂಬತ್ತಾರು. ಆಮೇಲೆ ಎಂಬತ್ತೆರಡು, ಎಂಬತ್ನಾಲ್ಕು, ಎಂಬತ್ತೆಂಟು, ಮತ್ತೆ ಎಂಬತ್ನಾಲ್ಕು. ಐದೂ ಮುಕ್ಕಾಲರವರೆಗೆ ಎಲ್ಲ ಚೊಕ್ಕ. ಕೆಳಗೆ ಜಾಸ್ಮಿನ ಎಂಬ ನರ್ಸಿನ ಸಹಿ.

ಆ ಅಂಕಿಗಳು ಶೆಟ್ಟೆವ್ವಳವು. ಜಾಸ್ಮಿನಳಿಗೆ ಅವನ್ನು ಕಲಿಸಿದವಳು ಅವಳೇ.

ಶೆಟ್ಟೆವ್ವ ಹೊರ್ತಿ ಮತ್ತು ಸುತ್ತಲ ಊರುಗಳಲ್ಲಿ ಮೂವತ್ತನಾಲ್ಕು ವರ್ಷ ಸರಕಾರಿ ನರ್ಸಾಗಿ ದುಡಿದು ನಾಲ್ಕು ವರ್ಷದ ಹಿಂದೆ ನಿವೃತ್ತಳಾದವಳು. ನಿವೃತ್ತಿಯಾದ ತಿಂಗಳಲ್ಲೇ ಕಲ್ಮೇಶ ಡಾಕ್ಟರು ಅವಳ ಮನೆಗೇ ಬಂದು, "ಸಿಸ್ಟರ್, ನನ್ನ ಕಡೆ ಇರೋ ಹುಡುಗ್ಯಾರಿಗೆ ಕೈ ಪಳಗಿಲ್ಲ, ಒಂದೀಟು ದಿನ ಬಂದು ತಿದ್ದಿ ಕೊಡ್ರಿ," ಎಂದು ಕೇಳಿಕೊಂಡಿದ್ದರು. ಆ ಒಂದೀಟು ದಿನ ಹದಿನಾಲ್ಕು ತಿಂಗಳಾಯಿತು. ನೇಮಕದ ಪತ್ರ ಇರಲಿಲ್ಲ, ಹಾಜರಿ ಪುಸ್ತಕವೂ ಇರಲಿಲ್ಲ. ಹನ್ನೆರಡು ಹಾಸಿಗೆಗೆ ಇಬ್ಬರು ನರ್ಸುಗಳು. ಒಬ್ಬಳು ರಜೆ ಹಾಕಿದರೆ ಒಬ್ಬಳೇ. ಪ್ರತಿಯೊಬ್ಬರ ಹತ್ತಿರ ಹದಿನೈದು ನಿಮಿಷಕ್ಕೊಮ್ಮೆ ಹೋಗುವುದು ಯಾರಿಂದಲೂ ಆಗದ ಮಾತು. ತಪಾಸಣೆಗೆ ಬರುವವರು ಮಾತ್ರ ಖಾಲಿ ಚೌಕಗಳನ್ನೇ ಹುಡುಕುತ್ತಿದ್ದರು. ಒಂದು ಸಂಜೆ ಜಾಸ್ಮಿನ ಖಾಲಿ ಹಾಳೆ ಹಿಡಿದು ಅಳುತ್ತ ನಿಂತಾಗ, ಶೆಟ್ಟೆವ್ವ ಅವಳ ಕೈಯಿಂದ ಪೆನ್ನು ತೆಗೆದುಕೊಂಡು ತುಂಬಿ ತೋರಿಸಿದ್ದಳು.

"ಒಂದಽ ಅಂಕಿ ಬರೀತಾ ಹೋಗಬ್ಯಾಡ. ಮನಷ್ಯಾರ ನಾಡಿ ಗಡಿಯಾರ ಅಲ್ಲ. ಎರಡು ಏರಸು, ನಾಕು ಇಳಸು. ನೋಡಿದವರಿಗೆ ಖರೇ ಅನಸಬೇಕು."

ಹೀಗೆ ಹೇಳಿದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಹೇಳುವಾಗ ನಕ್ಕಿದ್ದಳೆಂಬುದೂ ನೆನಪಿತ್ತು.

ಅವಳು ಎದ್ದು ನೀರು ಕುಡಿದು ಬಂದು ಮತ್ತೆ ಹಾಳೆ ನೋಡಿದಳು. ರಕ್ತ ಹೋಗುತ್ತಿರುವ ಬಾಣಂತಿಯ ನಾಡಿ ನೂರು ದಾಟುತ್ತದೆ, ನೂರಿಪ್ಪತ್ತು ದಾಟುತ್ತದೆ, ಬೆರಳಿಗೆ ದಾರದಷ್ಟು ತೆಳ್ಳಗೆ ಸಿಗುತ್ತದೆ. ಈ ಹುಡುಗಿಯದು ಕಡೆಯವರೆಗೂ ಎಂಬತ್ನಾಲ್ಕು, ಎಂಬತ್ತಾರು. ಯಾರೂ ಮುಟ್ಟಿ ನೋಡಿಯೇ ಇರಲಿಲ್ಲ.

ವಿಚಾರಣೆಗೆ ಇನ್ನು ಹನ್ನೊಂದು ದಿನವಿತ್ತು. ಶೆಟ್ಟೆವ್ವ ಅದರ ತೀರ್ಪುಗಾರರಲ್ಲಿ ಒಬ್ಬಳು.

ನಾಲ್ಕು ತಾಲೂಕುಗಳ ಖಾಸಗಿ ಆಸ್ಪತ್ರೆಗಳ ಮೇಲಿನ ದೂರು ಕೇಳಲು ಹೋದ ವರ್ಷ ಒಂದು ಆರೋಗ್ಯ ಸೇವಾ ನಿಯಂತ್ರಣ ಮಂಡಳಿ ಆಗಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಸರದಿಯ ಮೇಲೆ ಕೂಡುತ್ತಿತ್ತು. ಐವರು ಸದಸ್ಯರ ವೃತ್ತಿ ಹಿನ್ನೆಲೆ ಫೋಟೊ ಸಮೇತ ಜಾಲತಾಣದಲ್ಲಿತ್ತು. ಅಧ್ಯಕ್ಷರು ಡಾ. ಗುರುಲಿಂಗಪ್ಪ, ಬಾಗೇವಾಡಿಯಲ್ಲಿ ಮೂವತ್ತೆಂಟು ವರ್ಷ ಶಸ್ತ್ರಚಿಕಿತ್ಸೆ ಮಾಡಿದವರು. ಸುಮಿತ್ರಾಬಾಯಿ ಮುದ್ದೇಬಿಹಾಳದ ವಕೀಲೆ. ಆರಿಫ ಔಷಧ ವಿಜ್ಞಾನ ಓದಿ ಇಂಡಿಯಲ್ಲಿ ಇಪ್ಪತ್ತು ವರ್ಷ ಔಷಧದ ಅಂಗಡಿ ನಡೆಸಿದವನು. ಸಾರ್ವಜನಿಕರ ಪರವಾಗಿ ಸುಭಾಸ ಎಂಬ ನಿವೃತ್ತ ಮುಖ್ಯಾಧ್ಯಾಪಕರು. ಕೊನೆಯ ಹೆಸರು ಶೆಟ್ಟೆವ್ವಳದು. ಉಳಿದವರ ಹೆಸರಿನ ಕೆಳಗೆ ಐದಾರು ಸಾಲು ಪದವಿ, ಪದಕ. ಅವಳದು ಎರಡೇ ಸಾಲು. "ಮೂವತ್ತನಾಲ್ಕು ವರ್ಷ ಗ್ರಾಮೀಣ ಶುಶ್ರೂಷಾ ಸೇವೆ. ಎರಡು ಸಾವಿರಕ್ಕೂ ಹೆಚ್ಚು ಹೆರಿಗೆ."

ಸೇರುವಾಗ ಒಂದು ನಮೂನೆ ತುಂಬಿ ಕೊಡಬೇಕಾಗಿತ್ತು. 'ಕಳೆದ ಐದು ವರ್ಷಗಳಲ್ಲಿ ಯಾವುದೇ ಖಾಸಗಿ ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದೀರಾ?' ಎಂಬ ಪ್ರಶ್ನೆಯ ಮುಂದೆ ಅವಳ ಪೆನ್ನು ಅರ್ಧ ನಿಮಿಷ ತಡೆದಿತ್ತು. ಕಾಗದವೇ ಇಲ್ಲದ ಕೆಲಸ ಕೆಲಸವೇ ಎಂದುಕೊಂಡು 'ಇಲ್ಲ' ಎಂದು ಬರೆದಿದ್ದಳು.

ಗಂಡ ರಾವಸಾಬ ಬಸ್ಸು ಓಡಿಸಿ ನಿವೃತ್ತನಾದವನು. ಸಂಜೆ ಅವನು ಸಂತೆಯಿಂದ ಬಂದ ಮೇಲೆ ಶೆಟ್ಟೆವ್ವ ಎಲ್ಲವನ್ನೂ ಹೇಳಿದಳು. ಅವನು ಚೀಲ ಕೆಳಗಿಡದೆ ನಿಂತೇ ಕೇಳಿದ.

"ನೀ ಅಲ್ಲಿ ಇದ್ದಿ ಅನ್ನೋದು ಯಾರಿಗೆ ಗೊತ್ತೈತಿ?"

"ಕಲ್ಮೇಶ ಡಾಕ್ಟರಿಗೆ ಗೊತ್ತೈತಿ. ಜಾಸ್ಮಿನಗ ಗೊತ್ತೈತಿ."

"ಅವರಿಬ್ಬರೂ ಹೇಳಂಗಿಲ್ಲ. ಹೇಳಿದ್ರ ಅವರದಽ ಕೆಡತೈತಿ." ಚೀಲ ಇಟ್ಟು ಅವನು ಅವಳೆದುರು ಕುಳಿತ. "ಶೆಟ್ಟೆವ್ವಾ, ಒಂದು ಮಾತು ಕೇಳತೇನಿ. ನಮ್ಮ ಓಣಿಯವರು ಯಾರರೆ ಇಲ್ಲೀತನಾ ಅಂಥ ಟೇಬಲಿನ ಮುಂದ ಕುರ್ಚಿ ಹಾಕ್ಕೊಂಡು ಕುಂತಾರೇನು? ಡಾಕ್ಟರು, ವಕೀಲರು ನಿನಗ ಎದ್ದು ನಮಸ್ಕಾರ ಮಾಡತಾರ. ನಾಳೆ ನೀ ಹೋಗಿ, ನಾ ಸುಳ್ಳು ಬರದೇನಿ ಅಂದ್ರ, ಏನಂತಾರ ಮಂದಿ? ಇವರನ್ನ ಕರದು ಕುಂದರಿಸಿದ್ರ ಹಿಂಗಽ ಅಂತಾರ. ನಿನಗೊಬ್ಬಾಕಿಗೆ ಅನ್ನಂಗಿಲ್ಲ."

ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಮಂಡಳಿಗೆ ಹೆಸರು ಬಂದಾಗ ಓಣಿಯವರು ಬುದ್ಧ ವಿಹಾರದಲ್ಲಿ ಅವಳಿಗೆ ಸನ್ಮಾನ ಮಾಡಿದ್ದರು. ಕೆಲಸದಲ್ಲಿ ಒಂದು ಕೆಂಪು ಗೆರೆ ಬೀಳದಂತೆ ಇದ್ದವಳು ಎಂದು ಹಿರಿಯರೊಬ್ಬರು ಭಾಷಣದಲ್ಲಿ ಹೇಳುವಾಗ ರಾವಸಾಬ ಕಣ್ಣೊರೆಸಿಕೊಂಡಿದ್ದ.

ಮುಂದಿನ ಮೂರು ದಿನ ಅವಳು ಕೂತಲ್ಲಿ ಕೂಡಲಿಲ್ಲ. ಒಗೆದ ಬಟ್ಟೆಯನ್ನೇ ಮತ್ತೆ ನೆನೆಹಾಕಿದಳು. ವಿಜಯಪುರದಲ್ಲಿ ನರ್ಸಾಗಿದ್ದ ಮಗಳು ಕೋಮಲಳಿಗೆ ಫೋನು ಹಚ್ಚಿ, ಅವಳು "ಹೇಳವ್ವಾ" ಎಂದ ಕೂಡಲೇ ಮಳೆಬೆಳೆಯ ಮಾತಾಡಿ ಇಟ್ಟುಬಿಟ್ಟಳು. ಕುಳಿತಾಗ ತನ್ನ ಎಡಗೈ ನಾಡಿಯ ಮೇಲೆ ತನ್ನದೇ ಬಲಗೈ ಬೆರಳು ಹೋಗುತ್ತಿತ್ತು. ನಾಲ್ಕನೆಯ ದಿನ ಬೆಳಗ್ಗೆ ರಾವಸಾಬ ಸ್ನಾನಕ್ಕೆ ಹೋದಾಗ ಚೀಲ ಹಿಡಿದು ಬಸ್‌ಸ್ಟ್ಯಾಂಡಿಗೆ ನಡೆದಳು. ಜಾಸ್ಮಿನ ಕೆಲಸ ಬಿಟ್ಟು ತವರೂರು ನಾಲತವಾಡಕ್ಕೆ ಹೋಗಿದ್ದಾಳೆಂದು ಕಡತದಲ್ಲೇ ಇತ್ತು.

ಮಂಡಳಿಯ ಸದಸ್ಯೆ ಸಾಕ್ಷಿಯನ್ನು ಖಾಸಗಿಯಾಗಿ ಕಾಣಬಾರದು. ಅದು ಅವಳಿಗೆ ಗೊತ್ತಿತ್ತು. ಇಂಡಿಯಿಂದ ಸಿಂದಗಿ, ಅಲ್ಲಿಂದ ತಾಳಿಕೋಟೆ, ಮುದ್ದೇಬಿಹಾಳ. ಮೂರು ಸಲ ಬಸ್ಸು ಬದಲಿಸುವಾಗಲೂ ಪ್ರತಿ ಸ್ಟ್ಯಾಂಡಿನಲ್ಲಿ ಇಳಿದು ವಾಪಸಿನ ಬಸ್ಸು ಎಷ್ಟಕ್ಕೆ ಎಂದು ಕೇಳಿದಳು. ಕೇಳಿ ಮುಂದಿನ ಬಸ್ಸನ್ನೇ ಹತ್ತಿದಳು. ನಾಲತವಾಡದಲ್ಲಿ ಇಳಿದಾಗ ಮಧ್ಯಾಹ್ನ ಎರಡೂವರೆ.

ಜಾಸ್ಮಿನ ಬಾಗಿಲಿಗೆ ಬಂದು ನೋಡಿ ಹಿಂದೆ ಸರಿದಳು. ಮೂರು ವರ್ಷದಲ್ಲಿ ಸೊರಗಿ ಅರ್ಧವಾಗಿದ್ದಳು. ಅವಳ ತಾಯಿ ಚಾಪೆ ಹಾಸಿ ನೀರು ಕೊಟ್ಟು ಒಳಗೆ ಹೋದಳು.

"ಅಕ್ಕಾರ," ಎಂದಳು ಜಾಸ್ಮಿನ, "ನೀವು ಮಂಡಳಿಯವರಾಗಿ ಬಂದೀರೋ, ನಮ್ಮ ಅಕ್ಕಾರಾಗಿ ಬಂದೀರೋ?"

"ಮಂಡಳಿಯಾಕಿ ಇಲ್ಲಿಗೆ ಬರೂ ಹಂಗಿಲ್ಲವ್ವ. ನಿನ್ನ ಕಡೆ ಕಾಗದ ಬರಸ್ಕೊಳ್ಳಾಕ ಬಂದಿಲ್ಲ. ಏನಾತು ಅಷ್ಟು ಹೇಳು."

ಜಾಸ್ಮಿನ ಒಂದೇ ಉಸಿರಿಗೆ ಹೇಳಿದಳು. "ಅವತ್ತು ನಾ ಒಬ್ಬಾಕಿನಽ ಇದ್ದೆರಿ. ಹನ್ನೊಂದು ಮಂದಿ ಪೇಷಂಟು. ಡಾಕ್ಟರು ಥೇಟರಿನಾಗ ಇನ್ನೊಬ್ಬಾಕಿಗೆ ಸಿಜೇರಿಯನ್ ಮಾಡಾಕತ್ತಿದ್ರು. ನಾಕೂವರಿಗೆ ಆಕಿ ಗಂಡ ಬಂದು ಕರದ. ಬರ್ತೇನಿ ಅಂದೆ. ಮ್ಯಾಲಿನ ಖೋಲ್ಯಾಗ ಒಬ್ಬ ಮುದುಕಗ ಉಸರು ಕಟ್ಟಿತ್ತು. ಐದಕ್ಕ ಬಂದು ನೋಡಿದ್ರ ಹಾಸಗಿ ತೊಯ್ದಿತ್ತು. ಥೇಟರಿನ ಬಾಗಲಾ ಬಡದು ಹೇಳಿದೆ. ಇಂಜೆಕ್ಷನ್ ತರಸು, ಹೊಟ್ಟಿ ತಿಕ್ಕು, ಬರ್ತೇನಿ ಅಂದ್ರು. ಅವರು ಬಂದಾಗ ಆರಾಗಿತ್ತು."

"ಪಟ್ಟಿ ಯಾವಾಗ ಬರದಿ?"

"ಆಕಿನ್ನ ಗಾಡಿಗೆ ಹಾಕಿ ಕಳಿಸಿದ ಮ್ಯಾಲ. ಡಾಕ್ಟರು, ಎಲ್ಲಾ ಚೌಕ ತುಂಬು, ಆರರತನಾ ನಾರ್ಮಲ್ ಇರಬೇಕು ಅಂದ್ರು. ಏನು ಬರೀಬೇಕು ತಿಳೀಲಿಲ್ಲ. ಆಮ್ಯಾಲ ನೀವು ಕಲಿಸಿದ್ದು ನೆನಪಾತು."

ಆ ಮಾತಿನಲ್ಲಿ ದೂರುವ ಧಾಟಿ ಇರಲಿಲ್ಲ. ಬೈದಿದ್ದರೆ ಶೆಟ್ಟೆವ್ವಳಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

"ಈಗ ವಕೀಲರು ಏನಂತಾರ?"

"ನರ್ಸ್ ನಮಗ ಹೇಳಿಲ್ಲ, ಆಕಿ ಬರದ ಪಟ್ಟಿನಽ ನೋಡ್ರಿ, ಎಲ್ಲಾ ಬರೋಬರಿ ಇತ್ತು ಅಂತಾರಂತ. ನಾ ಸುಳ್ಳು ಬರದೇನಿ ಅಂದ್ರ ನನ್ನ ಹೆಸರು ರಜಿಸ್ಟರಿನಿಂದ ತಗೀತಾರ. ಖರೇ ಬರದೇನಿ ಅಂದ್ರ ಡಾಕ್ಟರು ಪಾರಾಗತಾರ. ನಾ ಏನು ಮಾಡ್ಲಿ ಅಕ್ಕಾರ?"

ಶೆಟ್ಟೆವ್ವ ಅವಳ ತಲೆಯ ಮೇಲೆ ಕೈಯಿಟ್ಟು ಎದ್ದಳು. ಹೊರಗೆ ಬಂದು ಅಂಗಡಿಯೊಂದರ ಕಟ್ಟೆಯ ಮೇಲೆ ಕುಳಿತು ಬಾಗೇವಾಡಿಗೆ ಬಸ್ಸು ಎಲ್ಲಿ ಸಿಗುತ್ತದೆಂದು ಕೇಳಿದಳು.

ಡಾ. ಗುರುಲಿಂಗಪ್ಪನವರ ಮನೆ ಬಸವನ ಬಾಗೇವಾಡಿಯ ಬಸ್‌ಸ್ಟ್ಯಾಂಡಿನಿಂದ ದೂರವಿರಲಿಲ್ಲ. ಅವಳು ಹೋದಾಗ ಇನ್ನೂ ಬೆಳಕಿತ್ತು. ಅವರು ತಾವೇ ಕುರ್ಚಿ ಎಳೆದು ಕೊಟ್ಟರು.

"ಬರ್ರಿ ಸಿಸ್ಟರ್, ಕೂಡ್ರಿ. ಫೋನ್ ಮಾಡಿದ್ರ ನಾನಽ ಮಾತಾಡತಿದ್ದೆ. ಇಷ್ಟು ದೂರ ಯಾಕ ಬಂದ್ರಿ?"

"ಸರ, ಮೂವತ್ತೊಂದನೇ ಪಾನ, ಆ ನಿಗಾ ಪಟ್ಟಿ, ಓದೀರೇನ್ರಿ?"

"ನೋಡೇನಿ. ಬರೋಬರಿ ಐತೆಲ್ಲ. ನನಗ ಸಂಶಯ ಬಂದದ್ದು ಡಾಕ್ಟರು ಬರದ ಹೆರಿಗಿ ನೋಟ್ಸಿನ ಮ್ಯಾಲ. ಸುಮಿತ್ರಾಬಾಯಿಯವರು ಒಪ್ಪಿಗೆ ಪತ್ರದಾಗ ಸಹಿ ತಪ್ಪಿದ್ದು ಹಿಡದಾರ."

ಒಬ್ಬೊಬ್ಬರೂ ತಮಗೆ ಗೊತ್ತಿರುವ ಪುಟವನ್ನೇ ಓದಿದ್ದಾರೆ ಎಂದು ಶೆಟ್ಟೆವ್ವಳಿಗೆ ಆಗ ಹೊಳೆಯಿತು. ಡಾಕ್ಟರರು ಡಾಕ್ಟರರ ಪುಟ, ವಕೀಲೆ ವಕೀಲರ ಪುಟ. ನರ್ಸಿನ ಪುಟ ಓದಬಲ್ಲವಳು ಆ ಐವರಲ್ಲಿ ತಾನೊಬ್ಬಳೇ. ಓದಲು ಬಂದದ್ದಾದರೂ ಆ ಸುಳ್ಳನ್ನು ಒಂದು ಕಾಲಕ್ಕೆ ತಾನೇ ಬರೆದದ್ದರಿಂದ.

ಅವಳು ಎಲ್ಲವನ್ನೂ ಹೇಳಿದಳು. ಹದಿನಾಲ್ಕು ತಿಂಗಳು, ನಮೂನೆಯ 'ಇಲ್ಲ', ಅವತ್ತು ನಾಲತವಾಡಕ್ಕೆ ಹೋದದ್ದು, ಯಾವುದನ್ನೂ ಬಿಡಲಿಲ್ಲ. ಗುರುಲಿಂಗಪ್ಪನವರು ಕನ್ನಡಕ ತೆಗೆದು ಕಣ್ಣು ತಿಕ್ಕಿಕೊಂಡರು.

"ಕಲ್ಮೇಶ ನನ್ನ ಕೈಯಾಗ ಕೆಲಸ ಕಲ್ತಾವ," ಎಂದರು. "ನಾ ಅದನ್ನ ನಮೂನಿಯಾಗ ಬರದು ಕೊಟ್ಟೇನಿ. ಬರದೇನಿ ಅಂತ ಧೈರ್ಯದಿಂದ ಕುಂತೇನಿ. ನಮ್ಮಂಥ ಸಣ್ಣ ಊರಾಗ ಒಬ್ಬರಿಗೊಬ್ಬರು ಗೊತ್ತಿಲ್ಲದವರನ್ನ ಎಲ್ಲಿಂದ ತರೂದು?" ಕನ್ನಡಕ ಮತ್ತೆ ಹಾಕಿಕೊಂಡು, "ಒಂದು ಕೆಲಸ ಮಾಡ್ರಿ. ಆರಾಮಿಲ್ಲ ಅಂತ ಕಾಗದ ಕೊಡ್ರಿ. ನಾವು ನಾಕ ಮಂದಿ ಕೂಡತೇವಿ. ನಿಮ್ಮ ಹೆಸರೂ ಉಳೀತೈತಿ," ಎಂದರು.

"ನಾ ಬರಲಿಲ್ಲಂದ್ರ ಆ ಪಟ್ಟಿ ಬರೋಬರಿ ಆಗಿಽ ಉಳೀತೈತಲ್ರಿ."

"ಉಳೀತೈತಿ."

"ನೀವು ಹೇಳಬಹುದಲ್ರಿ?"

"ನಾ ಏನಂತ ಹೇಳ್ಲಿ? ನೀವು ಇಲ್ಲಿ ನಮ್ಮ ಮನ್ಯಾಗ ಹೇಳಿದ್ದು ಬರೇ ಮಾತು. ಅಲ್ಲಿ ಎದ್ದು ನಿಂತು ಹೇಳಿದ್ರ ಸಾಕ್ಷಿ. ಮಾತಾದ್ರ ನಾ ಮರತೇನು. ಯಾವುದು ಬೇಕು, ನೀವಽ ನೋಡ್ಕೋರಿ ಸಿಸ್ಟರ್."

ಆ ರಾತ್ರಿ ಅವಳು ವಿಜಯಪುರದಲ್ಲಿ ಕೋಮಲಳ ಮನೆಯಲ್ಲಿ ಉಳಿದಳು. ಬೆಳಗ್ಗೆ ಮಗಳಿಗೂ ಹೇಳಿದಳು. ಕೋಮಲ ಡ್ಯೂಟಿಗೆ ಹೊರಟವಳು ತಲೆ ಬಾಚುವುದನ್ನು ನಿಲ್ಲಿಸಿ, "ಅವ್ವಾ, ನಾವೆಲ್ಲಾರೂ ತುಂಬತೇವಿ," ಎಂದಳು. ಅಷ್ಟು ಹೇಳಿ ಬೇಗ ಬೇಗ ಜಡೆ ಹೆಣೆದುಕೊಂಡು ಹೋದಳು. ಸಮಾಧಾನಕ್ಕೆ ಹೇಳಿದ ಆ ಮಾತು ಶೆಟ್ಟೆವ್ವಳನ್ನು ಇನ್ನಷ್ಟು ಕಲಕಿತು.

ವಿಚಾರಣೆ ಸಿಂದಗಿಯ ಪ್ರವಾಸಿ ಮಂದಿರದಲ್ಲಿ. ಹನ್ನೊಂದು ಗಂಟೆಗೆ ಶುರುವಾಯಿತು. ಉದ್ದ ಟೇಬಲಿನ ಹಿಂದೆ ಐವರು ಸದಸ್ಯರು. ಎಡಕ್ಕೆ ಕಲ್ಮೇಶ ಡಾಕ್ಟರು, ಅವರ ವಕೀಲ. ಬಲಕ್ಕೆ ಭೀಮು ಒಬ್ಬನೇ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು. ಜಾಸ್ಮಿನ ಬಾಗಿಲ ಬಳಿ ಗೋಡೆಗೆ ಆತು ಕುಳಿತಿದ್ದಳು. ಕಲ್ಮೇಶ ಡಾಕ್ಟರು ಶೆಟ್ಟೆವ್ವಳನ್ನು ನೋಡಿ ಸ್ವಲ್ಪ ತಲೆ ಬಾಗಿಸಿದರು. ಪರಿಚಯದವರು ಎನ್ನುವಷ್ಟೂ ಅಲ್ಲ, ಪರಿಚಯವೇ ಇಲ್ಲ ಎನ್ನುವಂತೆಯೂ ಅಲ್ಲ.

ಭೀಮು ಹೇಳಿದ್ದು ಐದೇ ನಿಮಿಷ. ಎಷ್ಟು ಸಲ ಕರೆದೆ, ಯಾರು ಏನೆಂದರು ಎಂಬುದಷ್ಟೇ. ಡಾಕ್ಟರರ ವಕೀಲ ಎದ್ದು ನಿಂತು ಮೂವತ್ತೊಂದನೆಯ ಪುಟ ತೆಗೆದ.

"ಹದಿನೈದು ನಿಮಿಷಕ್ಕೊಮ್ಮೆ, ಎಂಟು ಸಲ ನೋಡ್ಯಾರ. ಎಲ್ಲಾ ನಾರ್ಮಲ್ ಐತಿ. ಆರಕ್ಕ ಒಮ್ಮಿಂದೊಮ್ಮೆ ಆದದ್ದು ಯಾರ ಕೈಯಾಗೂ ಇರಲಿಲ್ರಿ. ಈ ಮನುಷ್ಯಾನ ದುಃಖ ನಮಗೂ ತಿಳೀತೈತಿ, ಆದ್ರ ದುಃಖ ಪುರಾವೆ ಅಲ್ಲ."

ಭೀಮು ಆ ಹಾಳೆಯ ಕಡೆ ನೋಡಿದ. ಓದು ಬಾರದವನೇನಲ್ಲ, ಆದರೆ ಆ ಅಂಕಿಗಳ ಅರ್ಥ ಅವನಿಗೆ ಹತ್ತಲಿಲ್ಲ. ಸುಭಾಸ ಮಾಸ್ತರರು ಒಪ್ಪಿದವರಂತೆ ಹೂಂಗುಟ್ಟಿದರು. ಗುರುಲಿಂಗಪ್ಪನವರು ಶೆಟ್ಟೆವ್ವಳ ಕಡೆ ತಿರುಗಲಿಲ್ಲ.

ಶೆಟ್ಟೆವ್ವ ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಕಿರ್ರೆಂದು ಸರಿದದ್ದು ಇಡೀ ಕೋಣೆಗೆ ಕೇಳಿತು.

"ನಾ ಒಂದು ಮಾತು ಹೇಳಬೇಕರಿ. ನಾ ಈ ದವಾಖಾನ್ಯಾಗ ಹದಿನಾಕು ತಿಂಗಳು ಕೆಲಸ ಮಾಡೇನಿ. ಮಂಡಳಿಗೆ ಕೊಟ್ಟ ನಮೂನಿಯಾಗ ಅದನ್ನ ಬರೀಲಿಲ್ಲ. ಅದು ನನ್ನ ತಪ್ಪು."

ಸುಮಿತ್ರಾಬಾಯಿ ಪೆನ್ನು ಕೆಳಗಿಟ್ಟಳು. ಅವಳ ದನಿ ಗಡುಸಾಗಿತ್ತು, ಆದರೆ ನಿಂದೆ ಇರಲಿಲ್ಲ. "ಹಂಗಾದ್ರ ನೀವು ಈ ಕಡೆ ಕೂಡೂ ಹಂಗಿಲ್ರಿ, ಶೆಟ್ಟೆವ್ವಾರ."

"ಗೊತ್ತೈತ್ರಿ. ಆ ಕಡೆ ಕೂಡತೇನಿ. ಸಾಕ್ಷಿ ಅಂತ ಬರಕೋರಿ."

ಟೇಬಲು ಸುತ್ತಿ ಬಂದು ಎದುರಿನ ಒಂಟಿ ಕುರ್ಚಿಯಲ್ಲಿ ಕೂಡುವವರೆಗಿನ ಏಳೆಂಟು ಹೆಜ್ಜೆ ಅವಳಿಗೆ ಬಹಳ ಉದ್ದ ಅನ್ನಿಸಿತು. ಕುಳಿತ ಮೇಲೆ ಮಾತ್ರ ತಡವರಿಸದೆ ಹೇಳಿದಳು. ಒಬ್ಬ ನರ್ಸು ಹತ್ತು ಹನ್ನೊಂದು ಮಂದಿಯನ್ನು ನೋಡುವ ಕಡೆ ಈ ಪಟ್ಟಿ ಹೇಗೆ ತುಂಬುತ್ತದೆ, ಯಾವಾಗ ತುಂಬುತ್ತದೆ, ಎರಡು ಏರಿಸಿ ನಾಲ್ಕು ಇಳಿಸುವುದನ್ನು ಯಾರು ಕಲಿಸಿದ್ದು. ಜಾಸ್ಮಿನಳನ್ನು ಹೋಗಿ ಕಂಡದ್ದನ್ನೂ ಹೇಳಿದಳು.

ವಕೀಲ ಇದನ್ನೇ ಕಾಯುತ್ತಿದ್ದವನಂತೆ ಎದ್ದ. "ಅಂದ್ರ ನೀವು ಸುಳ್ಳು ದಾಖಲೆ ಮಾಡಿದಾಕಿ?"

"ಹೌದ್ರಿ."

"ಮಂಡಳಿಗೂ ಸುಳ್ಳು ಬರದು ಕೊಟ್ಟಾಕಿ?"

"ಹೌದ್ರಿ."

"ಸಾಕ್ಷಿದಾರರ ಮನೀಗೆ ಹೋಗಿ ಬಂದಾಕಿ. ಇಂಥವರ ಮಾತು ನಂಬಬೇಕಂತೀರಿ?"

"ನನ್ನ ಮಾತು ನಂಬಬ್ಯಾಡ್ರಿ," ಎಂದಳು ಶೆಟ್ಟೆವ್ವ. "ಅವತ್ತಿನ ಉಳಿದ ಹತ್ತು ಮಂದಿ ಪಟ್ಟಿ ತರಸ್ರಿ. ನಾಕೂಕಾಲಿಗೆ, ನಾಕೂವರಿಗೆ, ನಾಕೂ ಮುಕ್ಕಾಲಿಗೆ ಜಾಸ್ಮಿನ ಎಷ್ಟು ಖೋಲ್ಯಾಗ ಇದ್ಲು ನೋಡ್ರಿ. ಒಂದಽ ನಿಮಿಷಕ್ಕ ಕೆಳಗೂ ಮ್ಯಾಲೂ ಹನ್ನೊಂದು ಕಡೆ ಯಾರೂ ಇರಾಕ ಆಗಂಗಿಲ್ಲ. ಮುಟ್ಟಲಾರದ ನಾಡಿ ಬರದಾರ. ಬರಸ್ಯಾರ."

ಆಗ ಆರಿಫ, ಅಲ್ಲಿಯವರೆಗೆ ಕಡತದ ಕೊನೆಯ ಹಾಳೆಗಳನ್ನು ತಿರುವುತ್ತಿದ್ದವನು, ಒಂದು ಚೀಟಿ ಎತ್ತಿ ಹಿಡಿದ.

"ಸರ, ಇದು ದವಾಖಾನಿಯೊಳಗಿನ ಔಷಧ ಅಂಗಡಿ ಚೀಟಿ. ನಾ ಮೊದಲೂ ನೋಡಿದ್ದೆ, ಹೆರಿಗಿ ಸಾಮಾನು ಅಂತ ಬಿಟ್ಟಿದ್ದೆ. ರಕ್ತ ನಿಲ್ಲಿಸೋ ಇಂಜೆಕ್ಷನ್ ನಾಕು, ಸಲೈನ್ ಎರಡು. ತಾರೀಖಿನ ಮುಂದ ಮಷಿನ್ನಽ ವ್ಯಾಳ್ಯಾ ಹಾಕೈತಿ. ಐದು ಗಂಟೆ ಎಂಟು ನಿಮಿಷ." ಅವನು ವಕೀಲನತ್ತ ತಿರುಗಿದ. "ಆರಕ್ಕ ಒಮ್ಮಿಂದೊಮ್ಮೆ ಆಗಿದ್ರ, ಐದಕ್ಕ ಇದನ್ನ ಯಾಕ ತರಸಿದ್ರಿ?"

ಭೀಮು ಎದ್ದು ನಿಂತುಬಿಟ್ಟ. "ನಾನಽ ತಂದದ್ದರಿ ಅದು. ಓಡಿ ಹೋಗಿ ತಂದೆ. ಅದಽ ಹೇಳಾಕತ್ತಿದ್ದೆ ನಾ," ಎಂದ.

ಕಲ್ಮೇಶ ಡಾಕ್ಟರು ತಮ್ಮ ವಕೀಲನ ತೋಳು ಹಿಡಿದು ಕೂಡಿಸಿದರು. "ಥೇಟರಿನಾಗ ಇನ್ನೊಬ್ಬಾಕಿ ಹೊಟ್ಟಿ ತೆರದು ಇಟ್ಟಿದ್ದೆ," ಎಂದರು ಯಾರನ್ನೂ ನೋಡದೆ. "ಬಿಟ್ಟು ಬರಾಕ ಆಗಲಿಲ್ಲ. ಆಕೀನೂ ಉಳೀಬೇಕಾಗಿತ್ತು."

"ಅದು ಖರೇ," ಎಂದರು ಗುರುಲಿಂಗಪ್ಪನವರು. "ಆದ್ರ ಪಟ್ಟಿ ಯಾಕ ತುಂಬಿಸಿದೆಪಾ?"

ಜಾಸ್ಮಿನ ಬಾಗಿಲ ಬಳಿಯಿಂದ ತಾನಾಗಿ ಎದ್ದು ಬಂದು, ನಾನೂ ಹೇಳುತ್ತೇನೆ ಎಂದಳು. ಅವಳ ಹೇಳಿಕೆ ಮುಗಿಯುವ ಹೊತ್ತಿಗೆ ಮಧ್ಯಾಹ್ನ ಎರಡಾಗಿತ್ತು.

ಹತ್ತು ಪಟ್ಟಿಗಳು ಬಂದವು, ಶೆಟ್ಟೆವ್ವ ಹೇಳಿದಂತೆಯೇ ಇದ್ದವು. ಐದು ವಾರದ ಮೇಲೆ ತೀರ್ಮಾನವೂ ಬಂತು. ನಾಲ್ವರು ಸದಸ್ಯರು ಸಹಿ ಮಾಡಿದ್ದರು. ಆಸ್ಪತ್ರೆಯ ನೋಂದಣಿ ಆರು ತಿಂಗಳು ಅಮಾನತು. ಮತ್ತೆ ತೆರೆಯಬೇಕಾದರೆ ಪ್ರತಿ ಪಾಳಿಗೆ ಮೂವರು ನರ್ಸುಗಳು ಇರಲೇಬೇಕು. ಕಲ್ಮೇಶ ಡಾಕ್ಟರರ ವಿಷಯವನ್ನು ವೈದ್ಯರ ಪರಿಷತ್ತಿಗೆ ಕಳಿಸಿದರು. ಅದು ಇನ್ನೂ ಅಲ್ಲೇ ಇದೆ. ಜಾಸ್ಮಿನಳಿಗೆ ಲಿಖಿತ ಎಚ್ಚರಿಕೆ. ಹೆಸರು ಉಳಿಯಿತು, ಆದರೆ ಹತ್ತಿರದ ಯಾವ ಆಸ್ಪತ್ರೆಯವರೂ ಅವಳನ್ನು ಕರೆಯಲಿಲ್ಲ. ಕೊನೆಗೆ ಕೋಮಲ ಓಡಾಡಿ ವಿಜಯಪುರದಲ್ಲಿ ಕೆಲಸ ಹಚ್ಚಿ ಕೊಟ್ಟಳು. ಶೆಟ್ಟೆವ್ವಳನ್ನು ಸದಸ್ಯತ್ವದಿಂದ ತೆಗೆದರು. ನರ್ಸಿಂಗ್ ಪರಿಷತ್ತಿನಿಂದ ಅವಳಿಗೂ ನೋಟಿಸು ಬಂತು. ತಪ್ಪು ಒಪ್ಪಿ ಒಂದೂವರೆ ಪುಟದ ಉತ್ತರ ಬರೆದು ಕಳಿಸಿದಳು.

ರಾವಸಾಬ ಹದಿನೈದು ದಿನ ಸರಿಯಾಗಿ ಮಾತಾಡಲಿಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದ, ಉಂಡು ಹೊರಗೆ ಹೋಗುತ್ತಿದ್ದ. ಊರಲ್ಲಿ ಅವನು ಹೆದರಿದಂತೆಯೇ ಒಂದಿಬ್ಬರು, ಇವರನ್ನ ಕರದು ಕುಂದರಿಸಿದ್ರ ಹಿಂಗಽ ಅಂದರು. ಒಬ್ಬ ಚಹಾದಂಗಡಿಯಲ್ಲಿ ಅಂದಾಗ ಮಾತ್ರ ರಾವಸಾಬ ಲೋಟ ಇಟ್ಟು, "ನಿಮ್ಮ ಪೈಕಿ ಎಷ್ಟು ಮಂದಿ ತಮ್ಮ ತಪ್ಪು ತಾವಾಗಿ ಎದ್ದು ಹೇಳ್ಯಾರ, ಅವರ ಹೆಸರು ಹೇಳು," ಎಂದನಂತೆ. ಇದನ್ನು ಅವಳಿಗೆ ಬೇರೆಯವರು ಹೇಳಿದರು. ಅವನು ಹೇಳಲಿಲ್ಲ.

ಆದರೂ ಶೆಟ್ಟೆವ್ವಳ ಒಳಗಿನ ಕುದಿ ಇಳಿಯಲಿಲ್ಲ. ತೀರ್ಮಾನ ಬಂದರೆ ಇಳಿಯುತ್ತದೆಂದು ತಿಳಿದಿದ್ದಳು. ಒಂದು ಭಾನುವಾರ ಬೆಳಗ್ಗೆ ಇಂಡಿಯಿಂದ ಲಿಂಬೆಹಣ್ಣಿನ ಖಾಲಿ ಚೀಲ ಹೇರಿಕೊಂಡು ಹೊರಟ ಟೆಂಪೊ ಹತ್ತಿ ಭೀಮುವಿನ ಊರಿಗೆ ಹೋದಳು. ಯಾಕೆ ಹೊರಟೆನೆಂದು ಅವಳಿಗೇ ಖಚಿತವಿರಲಿಲ್ಲ.

ಭೀಮು ಅಂಗಳದಲ್ಲಿ ಸೈಕಲ್ಲು ತೊಳೆಯುತ್ತಿದ್ದ. ನೋಡಿದ, ಕೈ ಒರೆಸಿಕೊಂಡ, ಕೂಡ್ರಿ ಎನ್ನಲಿಲ್ಲ. ಒಳಗೆ ಮಗು ಅಳುತ್ತಿತ್ತು; ಅವನ ತಾಯಿ ಜೋಗುಳದಂತೆ ಏನೋ ಗುನುಗುತ್ತಿದ್ದಳು.

"ಒಂದು ಕೇಳಲೇನ್ರಿ ಬಾಯಾರ?" ಎಂದ ಭೀಮು. "ಅವತ್ತು ಸಿಂದಗ್ಯಾಗ ಕೇಳಬೇಕಂತ ಮಾಡಿದ್ದೆ, ಬಾಯಿ ಬರಲಿಲ್ಲ. ನೀವು ಆ ಹುಡುಗಿಗೆ ಹಂಗ ಬರಿಯೂದು ಕಲಸದಽ ಇದ್ರ, ನಮ್ಮ ಶಿವಾನಿ ಉಳೀತಿದ್ಲೇನ್ರಿ?"

ಶೆಟ್ಟೆವ್ವ ಈ ಪ್ರಶ್ನೆಯನ್ನು ತನಗೆ ತಾನೇ ನೂರು ಸಲ ಕೇಳಿಕೊಂಡಿದ್ದಳು. ಇಲ್ಲ ಎನ್ನಬಹುದಾಗಿತ್ತು. ಪಟ್ಟಿ ಬರೆದದ್ದು ಆಕೆ ಹೋದ ಮೇಲೆ ತಾನೆ?

"ಗೊತ್ತಿಲ್ಲಪಾ," ಎಂದಳು. "ಅವತ್ತಿನ ಪಟ್ಟಿಯಿಂದ ಆಕಿ ಹೋಗಲಿಲ್ಲ. ಆದ್ರ ನಾವು ಅಷ್ಟು ವರ್ಷ ಖಾಲಿ ಚೌಕ ಖಾಲಿ ಬಿಟ್ಟಿದ್ರ, ಇಲ್ಲಿ ನರ್ಸು ಸಾಲಂಗಿಲ್ಲ ಅಂತ ಯಾರಿಗರೆ ಕಾಣತಿತ್ತು. ತುಂಬಿ ತುಂಬಿ ನಾವಽ ಅದನ್ನ ಮುಚ್ಚಿದ್ವಿ. ಅವತ್ತು ಇನ್ನೊಬ್ಬಾಕಿ ನರ್ಸು ಇದ್ದಿದ್ರ ಆಕಿ ಉಳೀತಿದ್ಲೋ ಏನೋ."

ಭೀಮು ತಲೆ ತಗ್ಗಿಸಿ ಕೇಳಿಸಿಕೊಂಡ. ಒಳಗಿನಿಂದ ಅವನ ತಾಯಿ, "ಯಾರಪ್ಪಾ ಬಂದಾರ?" ಎಂದ ದನಿ ಕೇಳಿತು. ಅವನು ಬಕೆಟ್ಟಿನ ನೀರು ಚೆಲ್ಲಿದ.

ಶೆಟ್ಟೆವ್ವ ಕೈ ಮುಗಿದು ಹೊರಟಳು. ಬಂದ ಟೆಂಪೊ ನಿಂತಿದ್ದ ಮರದ ಕೆಳಗೆ ಹೋಗಿ ನಿಂತಳು. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಹೆಜ್ಜೆ ಸಪ್ಪಳವಾಯಿತು. ಭೀಮು ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದಿದ್ದ.

"ಇಂಡಿ ಕಡೆ ಹೋಗೂ ಟೆಂಪೊ ಇಲ್ಲಿ ನಿಲ್ಲಂಗಿಲ್ರಿ," ಎಂದ. "ಮುಂದ ಗುಡಿ ಹತ್ರ ನಿಲ್ತೈತಿ. ಬರ್ರಿ."

ಅವನು ಮುಂದೆ ನಡೆದ. ಬಿಸಿಲು ಏರತೊಡಗಿತ್ತು. ಶೆಟ್ಟೆವ್ವ ಸೆರಗು ತಲೆಗೆ ಎಳೆದುಕೊಂಡು ಅವನ ಹಿಂದೆ ಬೇಗ ಬೇಗ ಹೆಜ್ಜೆ ಹಾಕಿದಳು.